ಕೆಟ್ಟ ಲ್ಯಾಪ್‌ಟಾಪ್: ಎಸ್.ಪಿ. ರೋಡ್‌ನಲ್ಲಿ ಕೊಳ್ಳೋದಾ, ಬಳಸಿದವರ ಹತ್ತಿರಾನಾ?

ಎರಡು ವರ್ಷದಿಂದ ಕೆಟ್ಟ ಲ್ಯಾಪ್‌ಟಾಪ್ ಕೊಂಡು ರಿಪೇರಿ ಮಾಡಿ ಮಾರುತ್ತಿದ್ದೇನೆ. ರಿಪೇರಿ ಆಗದಿದ್ದರೆ ಬಿಚ್ಚಿ ಪಾರ್ಟ್ಸ್ ಮಾರುತ್ತೇನೆ. ಬೆಂಗಳೂರಿನಲ್ಲಿ ನನಗೆ ಮಾಲು ಸಿಗುವುದು ಎರಡು ಕಡೆ. ಒಂದು, ಟೌನ್ ಹಾಲ್ ಹತ್ತಿರ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರೋಡ್. ಇನ್ನೊಂದು, ಓಎಲ್‌ಎಕ್ಸ್‌ನಲ್ಲಿ ನೋಡಿ, ಫೋನ್ ಮಾಡಿ, ಬಳಸಿದವರ ಮನೆಗೇ ಹೋಗುವುದು.

ಎಸ್.ಪಿ. ರೋಡ್‌ನಲ್ಲಿ ರೇಟು ಕಮ್ಮಿ. ನಾಲ್ಕೈದು ಒಟ್ಟಿಗೆ ಎತ್ತಿದರೆ ಇನ್ನೂ ಇಳಿಸುತ್ತಾರೆ. ಆದರೆ ಅಂಗಡಿಗಳ ಆ ರಾಶಿಯಲ್ಲಿರುವುದು ಬಹುಪಾಲು ಈಗಾಗಲೇ ಯಾರೋ ಕೈ ಹಾಕಿ ಬಿಟ್ಟ ಮಾಲು. ಒಮ್ಮೆ ಒಂದು ಅಂಗಡಿಯಲ್ಲಿ ಥಿಂಕ್‌ಪ್ಯಾಡ್ ಟಿ480 ಒಂದನ್ನು 4,500 ರೂಪಾಯಿಗೆ ತಂದೆ. "ಬರೀ ಪವರ್ ಪ್ರಾಬ್ಲಂ ಸಾರ್, ಸಣ್ಣ ಕೆಲಸ" ಅಂದಿದ್ದರು. ಮನೆಗೆ ಬಂದು ಹಿಂದಿನ ಕವರ್ ತೆಗೆದರೆ ರ್‍ಯಾಮ್ ಇಲ್ಲ, ಎಸ್‌ಎಸ್‌ಡಿ ಇಲ್ಲ, ಒಳಗಿನ ಬ್ಯಾಟರಿಯೂ ಇಲ್ಲ. ಚಾರ್ಜಿಂಗ್ ಐಸಿ (ಚಾರ್ಜಿಂಗ್ ನೋಡಿಕೊಳ್ಳುವ ಚಿಪ್) ಸುತ್ತ, ಬೆಸುಗೆಗೆ ಹಚ್ಚುವ ಫ್ಲಕ್ಸ್ ಕಂದಾಗಿ ಅಂಟಿಕೊಂಡಿತ್ತು. ಯಾರೋ ಚಿಪ್ ಬಿಡಿಸಲು ಹಾಟ್ ಏರ್ (ಬಿಸಿ ಗಾಳಿ) ಹಿಡಿದು, ಆಗದೆ ಕೈ ಬಿಟ್ಟಿದ್ದಾರೆ. ನನಗೂ ಆಗಲಿಲ್ಲ. ಪ್ಯಾನೆಲ್, ಕೀಬೋರ್ಡ್, ಹಿಂಜ್ ಮಾರಿ ಹಾಕಿದ ದುಡ್ಡು ಹೇಗೋ ವಾಪಸ್ ಬಂತು.

ಬಳಸಿದವರ ಹತ್ತಿರ ರೇಟು ಜಾಸ್ತಿ, ಓಡಾಟವೂ ಜಾಸ್ತಿ. ಯಲಹಂಕದಿಂದ ಜೆ.ಪಿ. ನಗರಕ್ಕೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಆದರೆ ಅದು ಹೇಗೆ ಕೆಟ್ಟಿತು ಅಂತ ಅವರಿಗೆ ಗೊತ್ತಿರುತ್ತದೆ. ನನಗೆ ಬೇಕಿರುವುದೇ ಅದು. ಕೆಳಗೆ ಬಿದ್ದು ಸ್ಕ್ರೀನ್ ಒಡೆದಿದೆ ಅಂದರೆ ಕೊಳ್ಳುತ್ತೇನೆ. ಕಾಫಿ ಚೆಲ್ಲಿತು ಅಂದರೆ ನಮಸ್ಕಾರ ಹೇಳಿ ಬರುತ್ತೇನೆ. ಹಾಲು, ಸಕ್ಕರೆ ಬೋರ್ಡ್ ಮೇಲೆ ಒಣಗಿ ಹಸಿರು ಕಿಲುಬು ಹಿಡಿದರೆ, ಇವತ್ತು ಸರಿಮಾಡಿದ್ದು ಮುಂದಿನ ತಿಂಗಳು ಮತ್ತೆ ಕೆಡುತ್ತದೆ.

ಜಯನಗರದಲ್ಲಿ ಒಬ್ಬರು ಆಂಟಿ ಡೆಲ್ ಲ್ಯಾಟಿಟ್ಯೂಡ್ 7490 ಇಟ್ಟಿದ್ದರು. "ಆನ್ ಆಗತ್ತೆ, ಏನೂ ಕಾಣ್ಸಲ್ಲಪ್ಪ" ಅಂದರು. ಕಿಟಕಿ ಪರದೆ ಎಳೆದು, ಮೊಬೈಲ್ ಟಾರ್ಚನ್ನು ಸ್ಕ್ರೀನ್ ಮೇಲೆ ಓರೆಯಾಗಿ ಹಿಡಿದೆ. ಕಪ್ಪು ಸ್ಕ್ರೀನ್‌ನೊಳಗೆ ಪಾಸ್‌ವರ್ಡ್ ಕೇಳುವ ಜಾಗ ಮಸುಕಾಗಿ ಕಂಡಿತು! ಬೋರ್ಡ್ ಓಡುತ್ತಿದೆ, ಬ್ಯಾಕ್‌ಲೈಟ್ (ಸ್ಕ್ರೀನ್ ಹಿಂದಿನ ಬೆಳಕು) ಬರುತ್ತಿಲ್ಲ ಅಷ್ಟೇ. ಪ್ಯಾನೆಲ್, ಕೇಬಲ್ ಅಥವಾ ಒಂದು ಸಣ್ಣ ಫ್ಯೂಸ್ ಹೋಗಿರಬೇಕು. ಅದನ್ನು ಅವರಿಗೆ ಹೇಳಿಯೇ 7,000ಕ್ಕೆ ಮಾತಾಡಿದೆ. ಎಸ್‌ಎಸ್‌ಡಿ ಬಿಚ್ಚಿ ಅವರ ಕೈಗೇ ಕೊಟ್ಟೆ. ಮೊಮ್ಮಗಳ ಫೋಟೊ ಎಲ್ಲಾ ಅದರಲ್ಲೇ ಇತ್ತು.

ಇನ್ನೊಂದು ದೊಡ್ಡ ವ್ಯತ್ಯಾಸ ಲಾಕ್. ಥಿಂಕ್‌ಪ್ಯಾಡ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ (ಬೋರ್ಡ್ ಸೆಟ್ಟಿಂಗ್‌ಗೇ ಹಾಕುವ ಬೀಗ) ಹಾಕಿದ್ದರೆ, ಒಳಗಿನ ಸಣ್ಣ ಸಿಮೋಸ್ ಬ್ಯಾಟರಿ ತೆಗೆದರೂ ಹೋಗುವುದಿಲ್ಲ. ಆಪಲ್‌ನ ಟಿ2 ಭದ್ರತಾ ಚಿಪ್ ಇರುವ 2018ರ ಮ್ಯಾಕ್‌ಬುಕ್ ಏರ್‌ನಲ್ಲಿ ಆ್ಯಕ್ಟಿವೇಶನ್ ಲಾಕ್ (ಮಾಲೀಕರ ಆಪಲ್ ಅಕೌಂಟ್‌ಗೆ ಕಟ್ಟಿದ ಬೀಗ) ಬಿದ್ದಿದ್ದರೆ ತೆಗೆಯಲು ಹಳೇ ಮಾಲೀಕರೇ ಬೇಕು. ಮನೆಯಲ್ಲಾದರೆ ಎದುರಿಗೇ ಕೂತು ಅವರ ಅಕೌಂಟ್ ತೆಗೆಸಬಹುದು. ರಾಶಿಯಲ್ಲಿ ಸಿಕ್ಕಿದ್ದಕ್ಕೆ ಯಾರನ್ನು ಕೇಳೋದು?

ಹಾಗಾಗಿ ರಿಪೇರಿಗೆ ಮನೆಗಳು, ಪಾರ್ಟ್ಸ್‌ಗೆ ಎಸ್.ಪಿ. ರೋಡ್. ಅಲ್ಲಿಗೂ ಈಗ ಸ್ಕ್ರೂಡ್ರೈವರ್ ಜೊತೆಗೇ ಹೋಗುತ್ತೇನೆ. ಕವರ್ ಅಲ್ಲೇ ಬಿಚ್ಚಿ ನೋಡಲು ಬಿಡುವ ಅಂಗಡಿಗಳು ಎರಡಿವೆ, ಮಿಕ್ಕವರ ಹತ್ತಿರ ಕೊಳ್ಳುವುದಿಲ್ಲ.