ಬಂದ್ ಇದ್ದ ಡೇ ಕೇರಿಗೆ ‘ಸೀಟ್ ಹಿಡಿಯೋ’ ರೊಕ್ಕ ಹಾಕುವ ಮುಂಚೆ

ಮೆಸೇಜು ಬರುವುದು ಬಹಳ ಸಲ ರಾತ್ರಿ ಒಂಬತ್ತರ ಮೇಲೆ, ಪಾಲಕರ ವಾಟ್ಸಾಪ್ ಗ್ರೂಪಿನಲ್ಲಿ. “ಎಲ್ಲಾ ಪಾಲಕರಿಗೆ ನಮಸ್ಕಾರ್ರೀ. ನಾಳೆಯಿಂದ ಸೆಂಟರ್ ಬಂದ್ ಇರ್ತೈತಿ. ಆಯಾಗೋಳ ಪಗಾರ, ಬಿಲ್ಡಿಂಗ್ ಬಾಡಿಗಿ ನಮಗ ನಿಲ್ಲಂಗಿಲ್ಲ. ಫೀ ತಪ್ಪದ ಹಾಕ್ರಿ. ಹಾಕದವ್ರ ಸೀಟು ವೇಟಿಂಗ್ ಲಿಸ್ಟಿಗೆ ಹೋಗ್ತೈತಿ.” ಕೆಳಗೊಂದು ಕ್ಯೂಆರ್ ಕೋಡ್.

ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಇಬ್ಬರೂ ನೌಕರಿ ಮಾಡುವ ಒಂದು ದಂಪತಿ ಇಂಥ ಮೆಸೇಜಿಗೆ ಕಳಕೊಂಡ ರೊಕ್ಕದ ಲೆಕ್ಕ ನೋಡಿ. ತಿಂಗಳ ಫೀ 7,000. ಸೇರಿಸುವಾಗ ಕೊಟ್ಟ ಡಿಪಾಸಿಟ್ 14,000. ಜೂನ್ 5ಕ್ಕೆ ಫೀ ಹಾಕಿದರು, 8ಕ್ಕೆ ಬಾಗಿಲು ಮುಚ್ಚಿತು. ಸೋರುವ ಸ್ಲ್ಯಾಬಿನ ರಿಪೇರಿ, ಹದಿನೈದು ದಿನದ ಮಾತು ಅಂದರು. ಜುಲೈ ಪೂರ್ತಿ ಫೀ ಹೋಯಿತು, ಆಗಸ್ಟಿಗೆ ‘ಅರ್ಧಾನರ ಹಾಕ್ರಿ’ ಅಂದಾಗ 3,500 ಹೋಯಿತು. ಆಗಸ್ಟ್ ನಡುವೆ ಅದೇ ಮಾಲಕರು ಬೇರೆ ಬಡಾವಣೆಯಲ್ಲಿ ಬೇರೆ ಹೆಸರಿನ ಬೋರ್ಡು ಹಾಕಿದರು. ಡಿಪಾಸಿಟ್ ಕೇಳಿದರೆ “ಅದು ಹಳೇ ಸೆಂಟರಿನ ಲೆಕ್ಕರೀ, ಇಲ್ಲೆ ಹೊಸಾ ಅಡ್ಮಿಷನ್ ಮಾಡಬೇಕಾಗ್ತೈತಿ” ಎಂಬ ಉತ್ತರ. ಜೂನಿನಲ್ಲಿ ಕೂಸು ಹೋದ ಆರು ದಿನದ 1,615 ಕಳೆದರೆ, ಒಟ್ಟು 29,885 ರೂಪಾಯಿ ಸೇವೆಯೇ ಇಲ್ಲದೆ ಹೋಗಿತ್ತು.

ಇಲ್ಲಿ ಕೆಟ್ಟದ್ದು ಮಾಲಕರ ನಿಯತ್ತು ಒಂದೇ ಅಲ್ಲ, ಕಾಗದವೂ ಕೆಟ್ಟಿತ್ತು. ಪಾವತಿ ಚೀಟಿಯಲ್ಲಿ ‘ಫೀ’ ಎಂಬ ಒಂದೇ ಶಬ್ದ, ಸಂಸ್ಥೆಯ ಸಿಕ್ಕಾ ಇಲ್ಲ. ಯುಪಿಐ ಹೋದದ್ದು ಮಾಲಕರ ಮನೆಯವರೊಬ್ಬರ ಖಾಸಗಿ ನಂಬರಿಗೆ. ಬಂದ್ ಇದ್ದಾಗ ಕೊಟ್ಟ ‘ಸೀಟ್ ಹಿಡಿಯೋ ರೊಕ್ಕ’ ಮುಂದೆ ಫೀಯಲ್ಲಿ ಮುರಿಯುತ್ತದೋ ಇಲ್ಲವೋ ಅಂತ ಯಾರೂ ಬರೆದು ಕೊಟ್ಟಿರಲಿಲ್ಲ, ಇವರೂ ಕೇಳಿರಲಿಲ್ಲ. ಸೀಟು ಎಂಬುದು ಖಾಲಿ ಜಾಗದ ಹೆಸರು. ಅದಕ್ಕೆ ಕೊಟ್ಟ ರೊಕ್ಕ ಅಡ್ವಾನ್ಸ್ ಅಂತ ಕಾಗದದ ಮೇಲೆ ಬರೆಯದಿದ್ದರೆ, ಆಮೇಲೆ ಅದು ‘ರಿಜಿಸ್ಟ್ರೇಷನ್’ ಆಗುತ್ತದೆ, ‘ಮೇಂಟೆನನ್ಸ್’ ಆಗುತ್ತದೆ, ಅಡ್ವಾನ್ಸ್ ಮಾತ್ರ ಆಗುವುದಿಲ್ಲ.

ರೊಕ್ಕ ಹಾಕುವ ಮುಂಚೆ ಬಂದ್ ಯಾರು ಮಾಡಿದರು ನೋಡಿ. ಜೋರು ಮಳೆಗೆ ಜಿಲ್ಲಾಧಿಕಾರಿಗಳು ಸಾಲಿ, ಅಂಗನವಾಡಿಗೆ ಒಂದೆರಡು ದಿನ ಸೂಟಿ ಕೊಟ್ಟರೆ ಅದಕ್ಕೆ ಫೀ ಕಡಿತ ಕೇಳುವುದು ಅತಿ ಆಯಿತು. ಕೈ-ಕಾಲು-ಬಾಯಿ ರೋಗ ಎದ್ದು ಒಂದು ವಾರ ಮುಚ್ಚಿದರೆ ಊಟ, ವ್ಯಾನಿನ ಭಾಗ ಮುರಿಯಲು ಕೇಳಬಹುದು, ಉಳಿದದ್ದು ಬಿಟ್ಟುಬಿಡಬಹುದು. ರಿಪೇರಿ, ಬಿಲ್ಡಿಂಗ್ ಬದಲಾವಣೆ, ಆಯಾಗಳು ಬಿಟ್ಟು ಹೋದದ್ದು, ಮಾಲಕರ ಮನೆಯ ಲಗ್ನ, ಇವೆಲ್ಲ ಅವರ ಕಡೆಯ ಕಾರಣ. ಅದರ ಭಾರ ಪೂರ್ತಿ ಪಾಲಕರ ಮೇಲೆ ಬರಬಾರದು.

ಲೆಕ್ಕ ಹಾಕುವ ರೀತಿ ಹೀಗೆ. 7,000ದಲ್ಲಿ ಆರೈಕೆ 4,300, ಊಟ-ತಿಂಡಿ 1,500, ವ್ಯಾನ್ 1,200 ಅಂತ ಹಿಡಿಯಿರಿ. ಕೆಲಸದ ದಿನ 26, ತೆರೆದದ್ದು 6, ಬಂದ್ 20. ಆರು ದಿನದ ಪೂರ್ತಿ ಫೀ 1,615. ಬಂದ್ ಇದ್ದ 20 ದಿನಕ್ಕೆ ಊಟದ 1,154, ವ್ಯಾನಿನ 923 ಕೊಡುವ ಮಾತೇ ಇಲ್ಲ. ಕುಕ್ಕರ್ ಇಟ್ಟಿಲ್ಲ, ಡೀಸೆಲ್ ಸುಟ್ಟಿಲ್ಲ. ಉಳಿಯುವುದು ಆರೈಕೆಯ 3,308. ಇದರಲ್ಲಿ ಅರ್ಧ, ಅಂದರೆ 1,654, ಆಯಾಗಳ ಪಗಾರಕ್ಕೆ ಅಂತ ಕೊಡುವುದು ನಮ್ಮ ಮಟ್ಟಿಗೆ ನ್ಯಾಯ. ಅವರ ಮನೆಯಲ್ಲೂ ಒಲೆ ಉರಿಯಬೇಕು, ಪಳಗಿದ ಆಯಾ ಬಿಟ್ಟು ಹೋದರೆ ಮತ್ತೆ ತೆರೆದ ಮೇಲೆ ಅಳುವುದು ನಿಮ್ಮ ಕೂಸೇ. ಒಟ್ಟು 3,269 ಆಯಿತು. ಉಳಿದ 3,731 ಮುಂದಿನ ತಿಂಗಳಿಗೆ ಜಮಾ. ಈ ಲೆಕ್ಕವನ್ನು ಬಿಡಿಸಿ ಮೆಸೇಜು ಮಾಡಿದರೆ ಬಹಳಷ್ಟು ಮಾಲಕರು ಮಾತಿಗೆ ಬರುತ್ತಾರೆ. ‘ಕಡಿಮಿ ಮಾಡ್ರಿ’ ಅಂತ ಬರೀ ಚೌಕಾಸಿ ಮಾಡಿದರೆ ಬರುವುದಿಲ್ಲ. ಪಗಾರದ ಹೆಸರಲ್ಲಿ ಕೇಳಿದರೆ, ಎಷ್ಟು ಆಯಾಗಳಿಗೆ ಎಷ್ಟು ಕೊಡುತ್ತೀರಿ ಅಂತ ಕೇಳಲು ಸಂಕೋಚ ಬೇಡ.

ಕೊರೋನಾ ಕಾಲದ ತೀರ್ಪುಗಳನ್ನು ಎರಡೂ ಕಡೆಯವರು ತಪ್ಪಾಗಿ ಬಳಸುತ್ತಾರೆ. 2021ರ ಜನವರಿ 29ರಂದು ರಾಜ್ಯ ಸರ್ಕಾರ ಖಾಸಗಿ ಶಾಲೆಗಳು 70% ಬೋಧನಾ ಶುಲ್ಕ ಮಾತ್ರ ತಗೋಬೇಕು ಎಂದು ಆದೇಶ ಮಾಡಿತು. ಅದೇ ವರ್ಷ ಮೇ 3ರಂದು ರಾಜಸ್ಥಾನದ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಶಾಲೆ ಮುಚ್ಚಿದಾಗ ಉಳಿತಾಯವಾದ ಖರ್ಚಿನ ಲಾಭ ಪಾಲಕರಿಗೂ ಸಿಗಬೇಕು ಎಂದು ವಾರ್ಷಿಕ ಶುಲ್ಕದಲ್ಲಿ 15% ಕಡಿತ ಹೇಳಿತು. ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ನಮ್ಮ ರಾಜ್ಯಕ್ಕೂ 15% ಎಂದಿತು. ಇವೆಲ್ಲ ಶಾಲೆಗಳಿಗೆ, 2020-21ರ ಸಾಲಿಗೆ. ನಿಮ್ಮ ಡೇ ಕೇರಿನ ಸ್ಲ್ಯಾಬ್ ರಿಪೇರಿಗೆ ತಾನಾಗಿ ಅನ್ವಯ ಆಗುವುದಿಲ್ಲ. “ಕೋರ್ಟೇ 85% ತಗೋ ಅಂದೈತಿ” ಎಂಬ ಮಾಲಕರ ವಾದಕ್ಕೂ ಅದೇ ಉತ್ತರ. ಆ ಶಾಲೆಗಳು ಆನ್‌ಲೈನ್ ಪಾಠವನ್ನಾದರೂ ಮಾಡುತ್ತಿದ್ದವು. ಕೂಸನ್ನು ಆನ್‌ಲೈನಿನಲ್ಲಿ ಮಲಗಿಸಲು ಬರುವುದಿಲ್ಲ. ತೀರ್ಪಿನಲ್ಲಿ ನಿಮಗೆ ಬೇಕಾದದ್ದು ಶೇಕಡಾ ಅಲ್ಲ, ಉಳಿತಾಯವಾದ ಖರ್ಚನ್ನು ಹೊರಳಿ ಕೊಡಬೇಕು ಎಂಬ ತತ್ವ.

ರೊಕ್ಕ ತಾನೇ ಹರಿದು ಹೋಗುವ ದಾರಿಗಳನ್ನು ಮೊದಲ ದಿನವೇ ಕಟ್ಟಿ. ಯುಪಿಐ ಆಟೋಪೇ ಕೊಟ್ಟಿದ್ದರೆ ಆ್ಯಪಿನ ಆಟೋಪೇ ವಿಭಾಗಕ್ಕೆ ಹೋಗಿ ಪಾಜ್ ಅಥವಾ ರದ್ದು ಮಾಡಿ. ಅದಕ್ಕೆ ಡೇ ಕೇರಿನ ಒಪ್ಪಿಗೆ ಬೇಕಿಲ್ಲ. ಮುಂದಿನ ತಾರೀಖಿನ ಚೆಕ್ ಕೊಟ್ಟವರ ಪಾಡು ಕಠಿಣ. ಬ್ಯಾಂಕಿನಲ್ಲಿ ‘ಸ್ಟಾಪ್ ಪೇಮೆಂಟ್’ ಮಾಡಿಸಿದರೂ ಚೆಕ್ ವಾಪಸ್ ಬಂದರೆ ಚೆಕ್ ಬೌನ್ಸ್ ಕುರಿತ 138ನೇ ಕಲಮಿನ ನೋಟಿಸು ಬರಬಹುದು, ಬಂದ 15 ದಿನದೊಳಗೆ ರೊಕ್ಕ ಕೊಡದಿದ್ದರೆ ಕೇಸು ಹಾಕಬಹುದು. ಹಾಗಾಗಿ ಚೆಕ್ಕನ್ನು ಹಾಕುವ ಮೊದಲೇ, ಸೇವೆ ನಿಂತಿದೆ, ಚೆಕ್ ಹಾಕಬೇಡಿ ಅಂತ ಬರಹದಲ್ಲಿ ತಿಳಿಸಿ. ಎಲ್ಲಕ್ಕಿಂತ ಕೆಟ್ಟದ್ದು ವರ್ಷದ ಫೀಯನ್ನು ‘ಸುಲಭ ಇಎಂಐ’ ಮಾಡಿಸಿಕೊಂಡದ್ದು. ಅದು ಫೀಯ ಕಂತಲ್ಲ, ಸಾಲ. ಫೈನಾನ್ಸ್ ಕಂಪನಿ ವರ್ಷದ ರೊಕ್ಕವನ್ನು ಸೆಂಟರಿಗೆ ಮೊದಲೇ ಕೊಟ್ಟಿರುತ್ತದೆ. ಸೆಂಟರಿಗೆ ಕೀಲಿ ಬಿದ್ದರೂ ಕಂತು ನಿಲ್ಲುವುದಿಲ್ಲ, ತಪ್ಪಿಸಿದರೆ ಸಿಬಿಲ್ ಸ್ಕೋರ್ ನಿಮ್ಮದೇ ಇಳಿಯುತ್ತದೆ.

ಬಂದ್ ಸಮಯದಲ್ಲಿ ಏನಾದರೂ ಕೊಡಲೇಬೇಕೆಂದು ಮನಸ್ಸಾದರೆ, ಕೊಡುವ ಮುಂಚೆ ಇಷ್ಟು ಬರೆದು ಕಳಿಸಿ, ‘ಹೌದು’ ಎಂಬ ಉತ್ತರ ಬರುವವರೆಗೆ ಕಾಯಿರಿ: “ಸೆಂಟರ್ ಇಂಥ ತಾರೀಖಿನಿಂದ ಬಂದ್ ಇದೆ. ಬಂದ್ ಅವಧಿಗೆ ಆರೈಕೆ ಫೀಯ ಅರ್ಧ ಕೊಡುತ್ತಿದ್ದೇವೆ. ಇಂಥ ತಾರೀಖಿನೊಳಗೆ ಇದೇ ಜಾಗದಲ್ಲಿ ತೆರೆಯದಿದ್ದರೆ ಈ ರೊಕ್ಕ ಮತ್ತು ಡಿಪಾಸಿಟ್ ವಾಪಸ್ ಕೊಡಬೇಕು. ನೋಟಿಸ್ ಅವಧಿ ಬಂದ್ ದಿನಗಳಲ್ಲೂ ಓಡುತ್ತದೆ.” ಕೊನೆಯ ವಾಕ್ಯ ಬಿಡಬೇಡಿ. ಬಿಡಿಸಿಕೊಳ್ಳುತ್ತೇವೆ ಅಂದಾಗ “ಒಂದು ತಿಂಗಳ ನೋಟಿಸ್ ತೆರೆದ ಮ್ಯಾಲಿಂದ ಲೆಕ್ಕ” ಎನ್ನುವುದು ಹಳೆಯ ಆಟ. ರೊಕ್ಕ ಸಂಸ್ಥೆಯ ಖಾತೆಗೇ ಹೋಗಲಿ, ರಿಮಾರ್ಕಿನಲ್ಲಿ ತಿಂಗಳು ಬರೆಯಿರಿ, ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ಎತ್ತಿಡಿ.

ರೊಕ್ಕ ಸಿಕ್ಕಿಬಿದ್ದಿದ್ದರೆ ಮೊದಲು ಗ್ರೂಪಿನ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ. ಜಗಳ ಶುರುವಾದ ಮೇಲೆ ಗ್ರೂಪಿನಲ್ಲಿ ಮೆಸೇಜುಗಳು ತಾವೇ ಅಳಿಸಿಹೋಗುವ ಸೆಟ್ಟಿಂಗ್ ಬೀಳುವುದುಂಟು. ನಂತರ ಲೆಕ್ಕದ ಸಮೇತ 15 ದಿನದ ನೋಟಿಸನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಉತ್ತರ ಇಲ್ಲವೆಂದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಹುಬ್ಬಳ್ಳಿಯವರಿಗೆ ಅದು ಧಾರವಾಡದಲ್ಲಿದೆ, ಗದಗ, ಹಾವೇರಿಯವರಿಗೆ ಅವರ ಜಿಲ್ಲೆಯದೇ ಇದೆ. 5 ಲಕ್ಷದವರೆಗೆ ದೂರಿನ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಎಂದೇನಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು.

ದೂರಿನ ಒಕ್ಕಣೆಯಲ್ಲಿ ಎರಡು ಕಡೆ ಕಾಲು ಜಾರುತ್ತದೆ. ‘ಅನ್ಯಾಯದ ಒಪ್ಪಂದ’ ಎಂದು ಬರೆದರೆ ಅದನ್ನು ಕೇಳುವ ಅಧಿಕಾರ ರಾಜ್ಯ ಆಯೋಗಕ್ಕಿದೆ, ಜಿಲ್ಲೆಗಿಲ್ಲ. ‘ಸೇವಾ ನ್ಯೂನತೆ’ ಎಂದು ಬರೆಯಿರಿ. ಎರಡನೆಯದು, ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲ ಎಂದು ರಾಷ್ಟ್ರೀಯ ಆಯೋಗ 2020ರ ಜನವರಿಯಲ್ಲಿ ಹೇಳಿದೆ. ಮಾಲಕರ ವಕೀಲರು ಮೊದಲು ಎತ್ತುವುದೇ ಇದನ್ನು: “ನಮ್ಮದು ಸಾಲಿ.” ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕೂಸಿಗೆ ಊಟ ಮಾಡಿಸಿ ಮಲಗಿಸುವ ಜಾಗ ಸಾಲಿ ಅಲ್ಲ ಎಂದು ತೋರಿಸಲು ಪಾವತಿ ಚೀಟಿಯಲ್ಲಿ ‘ಆರೈಕೆ’, ‘ಊಟ’, ‘ವ್ಯಾನ್’ ಬೇರೆ ಬೇರೆ ಇರಬೇಕು. ಸೇರಿಸುವ ದಿನವೇ ಹಾಗೆ ಬರೆಸಿಕೊಂಡವರಿಗೆ ಅರ್ಧ ಕೆಲಸ ಹಗುರ.

ಅಂದಹಾಗೆ, 50 ಮಂದಿ ಅಥವಾ ಹೆಚ್ಚು ಕೆಲಸಗಾರರು ಇರುವ ಕಡೆ ಕೂಸುಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲೇ ತಿದ್ದುಪಡಿ ಆಗಿತ್ತು, ಈಗ ಆ ನಿಯಮ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಬಂದ್ ಅವಧಿಯಲ್ಲಿ ಮುಚ್ಚಿದ ಸೆಂಟರಿಗೂ, ಬದಲಿ ವ್ಯವಸ್ಥೆಗೂ ರೊಕ್ಕ ಸುರಿಯುವ ಮುಂಚೆ ಆಫೀಸಿನ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ನೋಡಿ.

ಮತ್ತೆ, ಕೂಸಿನ ಚಾದರ, ಡಬ್ಬಿ, ಬದಲಿ ಬಟ್ಟೆ, ಔಷಧದ ಬಾಟಲಿ, ಆಧಾರ್ ಝೆರಾಕ್ಸ್ ಎಲ್ಲ ಬಂದ್ ಆದ ವಾರದಲ್ಲೇ ಹೋಗಿ ತಂದುಬಿಡಿ. ಒಳಗೆ ಹೋದಾಗ ರಿಪೇರಿ ನಿಜವಾಗಿ ನಡೆದಿದೆಯೋ, ತೊಟ್ಟಿಲು, ಗಾದಿಗಳು ಇದ್ದಲ್ಲೇ ಇವೆಯೋ ಅಂತ ಒಂದು ನೋಟ ಹಾಕಿ. ಗಾದಿ ಟೆಂಪೋ ಹತ್ತುತ್ತಿದ್ದರೆ ಆ ತಿಂಗಳ ಫೀ ಕೈಯಲ್ಲೇ ಇರಲಿ.