ಕ್ಯಾಲ್‌ಟ್ರೇನ್ ಕರೆಂಟ್ ರೈಲು: ಕೊನೆಗೂ ಕಣ್ಣಿಗೆ ಕಾಣೋ ಕೆಲ್ಸ

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಕ್ಯಾಲ್‌ಟ್ರೇನ್ ಅನ್ನೋ ಲೋಕಲ್ ರೈಲು ಸರ್ವಿಸ್‌ನ ಹೊಸ ಕರೆಂಟ್ ರೈಲಲ್ಲಿ ಹೋಗ್ಬಂದೆ, ಸಖತ್ತಾಗಿದೆ ಕಣ್ರೀ! ಮುಂಚೆ ಡೀಸೆಲ್ ವಾಸ್ನೆ, ಗಡಗಡ ಸದ್ದು, ಈಗ ಹೊರಟಿದ್ದೇ ಗೊತ್ತಾಗಲ್ಲ, ಊರಿಂದ ಬಂದಿರೋ ಅಮ್ಮ ಅಂತೂ ಕಾಫಿ ಒಂದ್ ಹನಿ ತುಳುಕ್ಲಿಲ್ಲ ನೋಡೋ ಅಂತ ಹತ್ತು ಸಲ ಹೇಳಿದ್ರು. 2024ರ ಸೆಪ್ಟೆಂಬರ್‌ನಿಂದ ಸ್ಯಾನ್ ಹೊಸೇವರೆಗೂ ಇದೇ ಓಡ್ತಿದೆ, ಶನಿವಾರ ಭಾನುವಾರಾನೂ ಅರ್ಧ ಗಂಟೆಗೊಂದು. ಇದೂ ದುಡ್ಡು ತಿಂದಿದೆ, ಲೇಟೂ ಆಗಿದೆ, ಆದ್ರೆ ಹತ್ತಿ ಕೂರಕ್ಕೆ ರೈಲಿದೆಯಲ್ಲ! ಇದೇ ರಾಜ್ಯದ ಹೈಸ್ಪೀಡ್ ರೈಲಿಗೆ 2008ರಲ್ಲೇ ಜನ ಓಟ್ ಹಾಕಿ ಸುಮಾರು 10 ಬಿಲಿಯನ್ ಡಾಲರ್ ಸಾಲಕ್ಕೆ ಒಪ್ಕೊಂಡ್ರು, 2020ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲಿಸ್‌ಗೆ ಓಡುತ್ತೆ ಅಂದಿದ್ರು, ಅದಿನ್ನೂ ಬಂದೇ ಇಲ್ಲ. ನಾನೂ ಪ್ರೋಗ್ರೆಸಿವ್, ಅಂದ್ರೆ ಸರ್ಕಾರ ಜನಕ್ಕೋಸ್ಕರ ಖರ್ಚು ಮಾಡ್ಲಿ ಅನ್ನೋ ಕಡೆಯವ್ನೇ, ಆದ್ರೂ ಇಷ್ಟು ದುಡ್ಡು ಸುರಿದ್ವಿ ಅನ್ನೋ ಭಾಷಣಕ್ಕೆಲ್ಲ ಸ್ಟಾರ್ ಕೊಡಲ್ಲ. ಈ ಕ್ಯಾಲ್‌ಟ್ರೇನ್‌ಗೆ ಐದಕ್ಕೆ ನಾಲ್ಕೂವರೆ, ಅರ್ಧ ಕಟ್ ಮಾಡಿದ್ದು ಸ್ಯಾನ್ ಹೊಸೇ ದಾಟಿ ಗಿಲ್‌ರಾಯ್ ಊರಿನ ಕಡೆಗೆ ಇನ್ನೂ ಡೀಸೆಲ್ಲೇ ಅಂತ.