ಪೆನ್ಸಿಲ್ ಗೆರೆಯಿಂದ ಪರದೆಯ ಚಲನೆಯವರೆಗೆ: ಓಪನ್‌ಟೂನ್ಜ್ ತಂತ್ರಾಂಶದ ವಿಮರ್ಶೆ

ಕಾಗದದ ಮೇಲೆ ಬರೆದ ಪಾತ್ರವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡಲು ಹೊರಟವರಿಗೆ ಮೊದಲು ಎದುರಾಗುವ ತೊಡಕು ಗೆರೆಗೆ ಸಂಬಂಧಿಸಿದ್ದು. ಚಲನೆಯ ಮಾತು ಬಹಳ ಆಮೇಲಿನದು. ಸ್ಕ್ಯಾನರಿನಿಂದ ಬರುವ ಕಡತದಲ್ಲಿ ಗೆರೆಯ ಜೊತೆಗೆ ಕಾಗದದ ಬಿಳುಪು, ರಬ್ಬರಿನಿಂದ ಅಳಿಸಿದ ಕಲೆ, ಬೆರಳಿನ ಗುರುತು, ಧೂಳಿನ ಕಣ ಎಲ್ಲವೂ ಸೇರಿಕೊಂಡಿರುತ್ತವೆ. ಇವುಗಳ ನಡುವಿನಿಂದ ಗೆರೆಯನ್ನಷ್ಟೇ ಬಿಡಿಸಿಕೊಂಡು, ಅದರ ಒಳಗೆ ಬಣ್ಣ ತುಂಬಿ, ಹಿನ್ನೆಲೆಯ ಮೇಲೆ ಇಟ್ಟು, ಕಾಲದ ಲೆಕ್ಕಕ್ಕೆ ಕೂರಿಸುವ ತಂತ್ರಾಂಶವೊಂದು ನನಗೆ ಬೇಕಾಗಿತ್ತು. ಈ ಉದ್ದೇಶಕ್ಕೆ ಓಪನ್‌ಟೂನ್ಜ್ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದನ್ನು ತಿಳಿಯಲು ಒಂದು ಸಣ್ಣ ದೃಶ್ಯವನ್ನು ಮೊದಲಿನಿಂದ ಕೊನೆಯವರೆಗೆ ಅದರಲ್ಲಿಯೇ ಮಾಡಿ ಮುಗಿಸಿದೆ. ಮುದುಕಿಯೊಬ್ಬಳು ಕೋಲೂರಿ ಮಣೆಯಿಂದ ಎದ್ದು ನಾಲ್ಕು ಹೆಜ್ಜೆ ನಡೆಯುತ್ತಾಳೆ. ಒಟ್ಟು 62 ಚಿತ್ರಗಳು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೆ 124 ಫ್ರೇಮ್, ಸೆಕೆಂಡಿಗೆ 24ರಂತೆ ಐದು ಸೆಕೆಂಡಿಗೆ ತುಸು ಹೆಚ್ಚು.

ಈ ತಂತ್ರಾಂಶದ ಹುಟ್ಟನ್ನು ತಿಳಿದುಕೊಂಡರೆ ಅದರ ಸ್ವಭಾವ ಬೇಗ ಅರ್ಥವಾಗುತ್ತದೆ. 1990ರ ದಶಕದ ಆರಂಭದಲ್ಲಿ ಇಟಲಿಯ ಡಿಜಿಟಲ್ ವಿಡಿಯೊ ಎಂಬ ಸಂಸ್ಥೆ ಟೂನ್ಜ್ ಎಂಬ ಹೆಸರಿನಲ್ಲಿ ಇದನ್ನು ಸಿದ್ಧಪಡಿಸಿತು. ಜಪಾನಿನ ಗಿಬ್ಲಿ ಸ್ಟುಡಿಯೊ ತನ್ನ ಚಿತ್ರಗಳಿಗೆ ಇದನ್ನು ಬಳಸಿಕೊಂಡು, ತನ್ನ ಕೆಲಸದ ರೀತಿಗೆ ತಕ್ಕಂತೆ ಮಾರ್ಪಡಿಸಿಕೊಂಡಿತು. ಬಳಿಕ ಜಪಾನಿನದೇ ಆದ ಡ್ವಾಂಗೊ ಸಂಸ್ಥೆಯ ಮೂಲಕ 2016ರ ಮಾರ್ಚಿನಲ್ಲಿ ಅದು ಮುಕ್ತ ತಂತ್ರಾಂಶವಾಗಿ ಹೊರಬಂದಿತು. ಬಿಎಸ್‌ಡಿ ಮಾದರಿಯ ಪರವಾನಗಿ ಇರುವುದರಿಂದ ಅದಕ್ಕೆ ಹಣ ಕೊಡಬೇಕಿಲ್ಲ, ಅದರಲ್ಲಿ ಮಾಡಿದ ಕೆಲಸವನ್ನು ಮಾರುವುದಕ್ಕೂ ಅಡ್ಡಿಯಿಲ್ಲ. ನೂರಾರು ಕೈಗಳು ಕಾಗದದ ಮೇಲೆ ಬರೆಯುವ, ಆ ಹಾಳೆಗಳು ಕಟ್ಟುಕಟ್ಟಾಗಿ ಸ್ಕ್ಯಾನರಿಗೆ ಹೋಗುವ ಸ್ಟುಡಿಯೊಗಳಿಗಾಗಿ ರೂಪುಗೊಂಡ ಉಪಕರಣ ಇದು. ಇಂದಿನ ಅನೇಕ ಅನಿಮೇಷನ್ ತಂತ್ರಾಂಶಗಳು ಚಿತ್ರಕಾರರು ಟ್ಯಾಬ್ಲೆಟ್ಟಿನ ಮೇಲೆಯೇ ಬರೆಯುತ್ತಾರೆಂದು ಭಾವಿಸಿ ಸ್ಕ್ಯಾನಿಂಗನ್ನು ಒಂದು ಮೂಲೆಗೆ ಸರಿಸಿವೆ. ಇಲ್ಲಿ ಹಾಳೆಯೇ ಮೊದಲು.

ಹಾಳೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಮುಂದಿನ ಕೆಲಸದ ಅರ್ಧ ಯಶಸ್ಸು ಅಲ್ಲಿಯೇ ತೀರ್ಮಾನವಾಗುತ್ತದೆ. ಅನಿಮೇಷನ್ ಹಾಳೆಯ ಅಂಚಿನಲ್ಲಿ ನಡುವೆ ಒಂದು ದುಂಡು ರಂಧ್ರ, ಎರಡು ಪಕ್ಕಗಳಲ್ಲಿ ಎರಡು ಉದ್ದನೆಯ ರಂಧ್ರಗಳು ಇರುತ್ತವೆ. ಅವುಗಳನ್ನು ಪೆಗ್ ಬಾರಿನ ಮೊಳೆಗಳಿಗೆ ಸಿಕ್ಕಿಸಿ ಬರೆಯುವುದರಿಂದ ಹಾಳೆಗಳು ಒಂದರ ಮೇಲೊಂದು ಕದಲದೆ ಕೂರುತ್ತವೆ. ಸ್ಕ್ಯಾನರಿನ ಗಾಜಿನ ಮೇಲೆ ಆ ಮೊಳೆಗಳಿರುವುದಿಲ್ಲ. ಆದ್ದರಿಂದ ಒಂದು ಹಾಳೆ ಕೂದಲೆಳೆಯಷ್ಟು ಓರೆಯಾದರೂ ಚಲನೆಯಲ್ಲಿ ಪಾತ್ರ ನಡುಗಿದಂತೆ ಕಾಣುತ್ತದೆ. ಸ್ಕ್ಯಾನನ್ನು ಶುದ್ಧಗೊಳಿಸುವ, ಓಪನ್‌ಟೂನ್ಜ್‌ನ ಕ್ಲೀನಪ್ ವಿಭಾಗದಲ್ಲಿರುವ ಆಟೊಸೆಂಟರ್ ಎಂಬ ಸೌಲಭ್ಯವು ಸ್ಕ್ಯಾನಿನಲ್ಲಿ ಮೂಡಿರುವ ಈ ರಂಧ್ರಗಳನ್ನು ತಾನೇ ಗುರುತಿಸಿ, ಪ್ರತಿ ಚಿತ್ರವನ್ನೂ ತಿರುಗಿಸಿ, ಸರಿಸಿ, ಒಂದೇ ನೆಲೆಗೆ ತರುತ್ತದೆ. ರಂಧ್ರಗಳು ಹಾಳೆಯ ಯಾವ ಅಂಚಿನಲ್ಲಿವೆ ಎಂಬುದನ್ನು ನಾವು ತಿಳಿಸಬೇಕು, ಅವು ಸ್ಕ್ಯಾನಿನಲ್ಲಿ ಪೂರ್ತಿಯಾಗಿ ಬಂದಿರಬೇಕು. ಮೊದಲ ಸಲ ನಾನು ಹಾಳೆಯನ್ನು ಗಾಜಿನ ಅಂಚಿಗೆ ಒತ್ತಿ ಇಟ್ಟದ್ದರಿಂದ 19 ಚಿತ್ರಗಳಲ್ಲಿ ರಂಧ್ರಗಳ ಅರ್ಧಭಾಗ ಕತ್ತರಿಸಿಹೋಗಿತ್ತು, ಆ 19ನ್ನೂ ಮತ್ತೆ ಸ್ಕ್ಯಾನ್ ಮಾಡಬೇಕಾಯಿತು. ಮರುಸ್ಕ್ಯಾನಿನ ಬಳಿಕ ಮುದುಕಿಯ ಮಣೆ ನೆಲಕ್ಕೆ ಅಂಟಿದಂತೆ ನಿಂತುಕೊಂಡಿತು. ನನ್ನ ಮಟ್ಟಿಗೆ ಈ ಒಂದು ಸೌಲಭ್ಯಕ್ಕಾಗಿಯೇ ತಂತ್ರಾಂಶವನ್ನು ಇಳಿಸಿಕೊಳ್ಳಬಹುದು.

ಸ್ಕ್ಯಾನಿನ ಸಾಂದ್ರತೆಯ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ಎ4 ಹಾಳೆಯನ್ನು ಅಡ್ಡಲಾಗಿ ಇಟ್ಟು ಅಂಗುಲಕ್ಕೆ 200 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 2339 ಪಿಕ್ಸೆಲ್ ಅಗಲದ ಚಿತ್ರ ಸಿಗುತ್ತದೆ. 1920 ಪಿಕ್ಸೆಲ್ ಅಗಲದ ಪರದೆಗೆ ಅದು ಸಾಕು. ಕ್ಯಾಮೆರಾ ಪಾತ್ರದ ಮುಖಕ್ಕೆ ಹತ್ತಿರವಾಗುವ ದೃಶ್ಯವಾದರೆ 300 ಒಳ್ಳೆಯದು, ಆಗ ಅಗಲ ಸುಮಾರು 3508 ಪಿಕ್ಸೆಲ್ ಆಗುತ್ತದೆ. ಕಪ್ಪು–ಬಿಳುಪು ಎರಡೇ ಮಟ್ಟಗಳಲ್ಲಿ ಮಾತ್ರ ಸ್ಕ್ಯಾನ್ ಮಾಡಬಾರದು, ಪೆನ್ಸಿಲಿನ ಒತ್ತಡದ ಏರಿಳಿತವೆಲ್ಲ ಅಲ್ಲಿಯೇ ಸತ್ತುಹೋಗುತ್ತದೆ. ಕಡತಗಳಿಗೆ ಒಂದೇ ಹೆಸರು ಕೊಟ್ಟು 0001, 0002 ಎಂದು ನಾಲ್ಕಂಕಿಯ ಸಂಖ್ಯೆ ಹಾಕುತ್ತ ಹೋದರೆ ತಂತ್ರಾಂಶ ಅವೆಲ್ಲವನ್ನೂ ಒಂದೇ ಲೆವೆಲ್, ಅಂದರೆ ಒಂದೇ ಚಿತ್ರಸರಣಿ, ಎಂದು ಎತ್ತಿಕೊಳ್ಳುತ್ತದೆ.

ಇನ್ನು ಕ್ಲೀನಪ್. ಈ ತಂತ್ರಾಂಶದ ಜೀವಾಳ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳಬೇಕು. ಸಾಮಾನ್ಯ ಚಿತ್ರ ಸಂಪಾದನೆಯ ತಂತ್ರಾಂಶದಲ್ಲಿ ಬಿಳಿ ಭಾಗವನ್ನು ಆಯ್ದು ಅಳಿಸಿದರೆ ಗೆರೆಯ ಸುತ್ತ ತೆಳುವಾದ ಬಿಳಿ ಅಂಚು ಉಳಿದುಬಿಡುತ್ತದೆ, ಗಾಢ ಹಿನ್ನೆಲೆಯ ಮೇಲೆ ಇಟ್ಟ ಕೂಡಲೇ ಅದು ಕಣ್ಣಿಗೆ ಚುಚ್ಚುತ್ತದೆ. ಓಪನ್‌ಟೂನ್ಜ್ ಅನುಸರಿಸುವ ದಾರಿಯೇ ಬೇರೆ. ಅದು ಸ್ಕ್ಯಾನನ್ನು ಟಿಎಲ್‌ವಿ ಎಂಬ ತನ್ನದೇ ಸ್ವರೂಪಕ್ಕೆ ಬದಲಾಯಿಸುವಾಗ ಪ್ರತಿ ಪಿಕ್ಸೆಲ್ಲಿಗೂ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ಬರೆದಿಡುತ್ತದೆ: ಅಲ್ಲಿರುವ ಗೆರೆಯ ಬಣ್ಣದ ಸಂಖ್ಯೆ, ಗೆರೆಯ ಒಳಗೆ ತುಂಬಿದ ಬಣ್ಣದ ಸಂಖ್ಯೆ, ಇವೆರಡರ ಬೆರಕೆಯ ಪ್ರಮಾಣ. ಮೊದಲೆರಡಕ್ಕೆ 12 ಬಿಟ್‌ಗಳಂತೆ, ಮೂರನೆಯದಕ್ಕೆ 8 ಬಿಟ್‌ಗಳು; ಅಂದರೆ ಗೆರೆಯಿಂದ ಬಣ್ಣಕ್ಕೆ ದಾಟುವಲ್ಲಿ 256 ಮೆಟ್ಟಿಲುಗಳು ಸಿಗುತ್ತವೆ. ನಿಜವಾದ ಬಣ್ಣ ಇರುವುದು ಪ್ಯಾಲೆಟ್ಟಿನಲ್ಲಿ, ಅಂದರೆ ಸಂಖ್ಯೆ ಹಾಕಿದ ಬಣ್ಣಗಳ ಪಟ್ಟಿಯಲ್ಲಿ. ಚಿತ್ರದಲ್ಲಿರುವುದು ಪ್ಯಾಲೆಟ್ಟಿನ ಸಂಖ್ಯೆ ಮಾತ್ರ. ಹೀಗಾಗಿ ಕಾಗದವಿದ್ದ ಜಾಗ ತಾನಾಗಿಯೇ ಪಾರದರ್ಶಕವಾಗುತ್ತದೆ, ಬಿಳಿ ಅಂಚಿನ ಪ್ರಶ್ನೆಯೇ ಏಳುವುದಿಲ್ಲ, ಗೆರೆಯ ಮೃದುವಾದ ಅಂಚೂ ಕೆಡುವುದಿಲ್ಲ.

ಮುದುಕಿಯ ಸೆರಗಿನ ಬಣ್ಣ ಮಾಸಲು ಹಸಿರಾಗಿದ್ದರೆ ಚೆನ್ನ ಎಂದು ಕೆಲಸವೆಲ್ಲ ಮುಗಿದ ಮೇಲೆ ನನಗೆ ಅನ್ನಿಸಿತು. ಪ್ಯಾಲೆಟ್ಟಿನಲ್ಲಿ ಒಂದು ಬಣ್ಣವನ್ನು ತಿದ್ದಿದೆ. 62 ಚಿತ್ರಗಳ ಸೆರಗೂ ಅದೇ ಕ್ಷಣದಲ್ಲಿ ಬದಲಾಯಿತು. ಒಂದೊಂದು ಹಾಳೆಯನ್ನೂ ಬಿಡಿ ಚಿತ್ರವೆಂದು ಎಣಿಸುವ ತಂತ್ರಾಂಶದಲ್ಲಿ ಈ ತಿದ್ದುಪಡಿಗೆ ಇಡೀ ಒಂದು ಸಂಜೆ ಬೇಕಾಗುತ್ತಿತ್ತು.

ಕ್ಲೀನಪ್ಪಿನಲ್ಲಿ ನಾವು ಮುಖ್ಯವಾಗಿ ಹದಮಾಡಬೇಕಾದದ್ದು ಗೆರೆಯ ಹರಿತ, ಹೊಳಪು, ಕಾಂಟ್ರಾಸ್ಟ್, ಎಷ್ಟು ಗಾತ್ರದವರೆಗಿನ ಚುಕ್ಕಿಗಳನ್ನು ಧೂಳೆಂದು ಒರೆಸಿಹಾಕಬೇಕು ಎಂಬ ಅಳತೆ, ಇಷ್ಟನ್ನು. ಕೊನೆಯದರಲ್ಲಿ ಎಚ್ಚರ ಬೇಕು. ಅಳತೆಯನ್ನು ಹೆಚ್ಚಿಸಿದಾಗ ಧೂಳಿನ ಜೊತೆಗೆ ಮುದುಕಿಯ ಕಣ್ಣಿನ ಪಾಪೆಯೂ, ಗಲ್ಲದ ಮೇಲಿನ ಮಚ್ಚೆಯೂ ಮಾಯವಾದವು. ಧೂಳಿಗೂ ಪಾಪೆಗೂ ಇರುವ ವ್ಯತ್ಯಾಸ ಯಂತ್ರಕ್ಕೆ ತಿಳಿಯುವಂಥದ್ದಲ್ಲ. ಆದ್ದರಿಂದ ಅಳತೆಯನ್ನು ಚಿಕ್ಕದಾಗಿಯೇ ಇಟ್ಟು, ಉಳಿದ ಕಲೆಗಳನ್ನು ಕೈಯಿಂದ ಅಳಿಸುವುದು ಒಳಿತೆಂಬುದು ನನ್ನ ಅಭಿಪ್ರಾಯ. ಬೇರೆ ಬೇರೆ ದಿನ ಬರೆದ ಚಿತ್ರಗಳಲ್ಲಿ ಪೆನ್ಸಿಲಿನ ಗಾಢತೆ ಬೇರೆ ಬೇರೆಯಾಗಿದ್ದರೆ ಅವುಗಳನ್ನು ಒಂದು ಮಟ್ಟಕ್ಕೆ ತರಲು ಆಟೊ ಅಡ್ಜಸ್ಟ್ ಎಂಬ ಆಯ್ಕೆಯಿದೆ. ಫಲಿತಾಂಶವನ್ನು ಮೊದಲೇ ನೋಡಿಕೊಳ್ಳುವ ವ್ಯವಸ್ಥೆಯೂ ಇರುವುದರಿಂದ ಎಲ್ಲ ಚಿತ್ರಗಳನ್ನು ಸಂಸ್ಕರಿಸುವ ಮುನ್ನ ಅತ್ಯಂತ ತೆಳುವಾದ ಗೆರೆಯ ಒಂದು ಹಾಳೆ, ಅತ್ಯಂತ ಕೊಳೆಯಾದ ಒಂದು ಹಾಳೆ, ಈ ಎರಡರ ಮೇಲೆ ಪರೀಕ್ಷಿಸಿಕೊಂಡರೆ ಸಮಯ ಉಳಿಯುತ್ತದೆ. ಮೂಲ ಸ್ಕ್ಯಾನುಗಳನ್ನು ತಂತ್ರಾಂಶ ಮುಟ್ಟುವುದಿಲ್ಲ. ಶುದ್ಧಗೊಂಡ ಪ್ರತಿ ಬೇರೆ ಕಡತವಾಗಿ ಉಳಿಯುವುದರಿಂದ ತಪ್ಪಾದರೆ ಮತ್ತೆ ಮೊದಲಿನಿಂದ ಮಾಡಬಹುದು.

ನೆರಳಿನ ವಿಷಯದಲ್ಲಿ ಈ ತಂತ್ರಾಂಶದ ಸ್ಟುಡಿಯೊ ಅನುಭವ ಎದ್ದು ಕಾಣುತ್ತದೆ. ಪಾತ್ರದ ಮೈಮೇಲೆ ಬೆಳಕು ಎಲ್ಲಿಗೆ ಮುಗಿದು ನೆರಳು ಎಲ್ಲಿಂದ ತೊಡಗುತ್ತದೆ ಎಂಬುದನ್ನು ತೋರಿಸಲು ಕಾಗದದ ಮೇಲೆ ಕೆಂಪು ಅಥವಾ ನೀಲಿ ಪೆನ್ಸಿಲಿನಿಂದ ಗೆರೆ ಎಳೆಯುವುದು ಹಳೆಯ ರೂಢಿ. ಕ್ಲೀನಪ್ಪನ್ನು ಬಣ್ಣದ ಗೆರೆಗಳ ವಿಧಾನಕ್ಕೆ ಬದಲಾಯಿಸಿದರೆ ಕಪ್ಪು, ಕೆಂಪು, ನೀಲಿ ಗೆರೆಗಳು ಪ್ಯಾಲೆಟ್ಟಿನಲ್ಲಿ ಬೇರೆ ಬೇರೆ ಬಣ್ಣಗಳಾಗಿ ಕೂರುತ್ತವೆ. ಆಮೇಲೆ ಕೆಂಪು ಗೆರೆಗೆ ಆಟೊಪೇಂಟ್ ಗುಣವನ್ನು ಕೊಟ್ಟರೆ, ಪಕ್ಕದ ಭಾಗಕ್ಕೆ ಬಣ್ಣ ತುಂಬಿದಾಗ ಆ ಗೆರೆಯೂ ಅದೇ ಬಣ್ಣವನ್ನು ಹೊದ್ದುಕೊಂಡು ಕಣ್ಮರೆಯಾಗುತ್ತದೆ. ಮುದುಕಿಯ ಬಾಗಿದ ಬೆನ್ನಿನ ನೆರಳು ಹೀಗೆ ಗಡಿಗೆರೆಯಿಲ್ಲದೆ ಮೂಡಿತು. ಗಾಢ ಕೆಂಪು ಪೆನ್ಸಿಲನ್ನು ಒತ್ತಿ ಬರೆದ ಕಡೆ ಮಾತ್ರ ಅದು ಕಪ್ಪಿನೊಂದಿಗೆ ಬೆರೆತುಹೋಯಿತು. ತಿಳಿಯಾದ ಬಣ್ಣದ ಪೆನ್ಸಿಲನ್ನು ಹಗುರವಾದ ಕೈಯಿಂದ ಬಳಸಿದವರಿಗೆ ಇದು ಹೆಚ್ಚು ಒಲಿಯುತ್ತದೆ.

ಬಣ್ಣ ತುಂಬುವ ಕೆಲಸದಲ್ಲಿ ಮುಖ್ಯ ಶತ್ರು ಮುಚ್ಚದ ಗೆರೆ. ಕೈಯಿಂದ ಬರೆಯುವವರ ಗೆರೆ ಅಲ್ಲಲ್ಲಿ ಬಿಟ್ಟುಹೋಗುವುದು ಸಹಜ, ಎಷ್ಟೋ ಸಲ ಚಿತ್ರದ ಚೆಲುವೂ ಅದರಲ್ಲಿಯೇ ಇರುತ್ತದೆ. ಆದರೆ ಆ ಬಿರುಕಿನಿಂದ ಬಣ್ಣ ಹೊರಗೆ ಹರಿದು ಇಡೀ ಹಾಳೆಯನ್ನು ತುಂಬಿಬಿಡುತ್ತದೆ. ಟೇಪ್ ಎಂಬ ಉಪಕರಣ ಇಂಥ ಬಿರುಕುಗಳನ್ನು ದೂರ ಮತ್ತು ಕೋನದ ಲೆಕ್ಕದಲ್ಲಿ ಹುಡುಕಿ ಬೆಸೆಯುತ್ತದೆ. ಮೊದಲ ಮತ್ತು ಕೊನೆಯ ಚಿತ್ರವನ್ನು ತೋರಿಸಿ ನಡುವಿನವುಗಳಿಗೂ ಬಣ್ಣ ತುಂಬಿಸುವ ಅನುಕೂಲವಿದೆ. ಸೆರಗಿನಂತಹ ದೊಡ್ಡ ಭಾಗಗಳಿಗೆ ಅದು ನಂಬಲರ್ಹ. ಬೆರಳುಗಳ ನಡುವಿನ ಸಣ್ಣ ಸಂದುಗಳಿಗೆ ಅದನ್ನು ನಂಬದೆ ಒಂದೊಂದಾಗಿ ತುಂಬುವುದೇ ಸರಿ.

ಕಾಲದ ಲೆಕ್ಕಕ್ಕೆ ಎಕ್ಸ್‌ಶೀಟ್ ಇದೆ. ಮೇಲಿನಿಂದ ಕೆಳಕ್ಕೆ ಫ್ರೇಮುಗಳು, ಎಡದಿಂದ ಬಲಕ್ಕೆ ಪದರಗಳು. ಕಾಗದದ ಕಾಲದಲ್ಲಿ ಅನಿಮೇಟರುಗಳು ತುಂಬುತ್ತಿದ್ದ ಪಟ್ಟಿಯದೇ ರೂಪ. ಅಡ್ಡ ಕಾಲಪಟ್ಟಿಗೆ ಒಗ್ಗಿದವರಿಗೆ ಮೊದಲು ಇರುಸುಮುರುಸಾದರೂ, ಯಾವ ಚಿತ್ರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಓದಲು ಇದಕ್ಕಿಂತ ಸ್ಪಷ್ಟವಾದ ವ್ಯವಸ್ಥೆಯನ್ನು ನಾನು ಕಂಡಿಲ್ಲ. ಮುದುಕಿ ಏಳುವ ಮುನ್ನ ಉಸಿರು ಬಿಗಿಹಿಡಿಯುವ ಚಿತ್ರವನ್ನು ಎರಡು ಫ್ರೇಮಿನ ಬದಲು ಹತ್ತು ಫ್ರೇಮ್ ನಿಲ್ಲಿಸಿ ನೋಡಿದೆ. ಅಷ್ಟರಿಂದಲೇ ಅವಳ ಮೊಣಕಾಲಿನ ನೋವು ಕಾಣಿಸಿತು.

ಒಂದೇ ಚಿತ್ರವನ್ನು ಬರೆದು ಅದನ್ನೇ ಕುಣಿಸಬೇಕೆನ್ನುವವರಿಗೆ ಪ್ಲಾಸ್ಟಿಕ್ ಎಂಬ ಉಪಕರಣವಿದೆ. ಚಿತ್ರದ ಮೇಲೆ ಬಲೆಯೊಂದನ್ನು ಹೆಣೆದು, ಅದರೊಳಗೆ ಕೀಲುಗಳ ಅಸ್ಥಿಪಂಜರ ಇಟ್ಟು, ಕೀಲುಗಳನ್ನು ಎಳೆದು ಚಲನೆ ಕೊಡಬಹುದು. ಯಾವ ಭಾಗ ಬಾಗಬಾರದು ಎಂಬುದನ್ನು ಗಡಸುತನ ಬಳಿದು ತಿಳಿಸಬಹುದು. ತಲೆಯಾಡಿಸುವುದು, ಬಾಲ ಬೀಸುವುದು ಮುಂತಾದವುಗಳಿಗೆ ಇದು ಸಾಕು. ನಡಿಗೆಗೆ ಇದನ್ನು ಬಳಸಿದಾಗ ಮುದುಕಿ ರಬ್ಬರಿನ ಗೊಂಬೆಯಂತೆ ಹಿಗ್ಗಿ ಕುಗ್ಗಿದಳು. ಮೈಯ ಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟುವುದನ್ನು ತೋರಿಸಬೇಕಾದರೆ ಹೊಸ ಚಿತ್ರವನ್ನೇ ಬರೆಯಬೇಕು.

ಕೊರತೆಗಳನ್ನೂ ಹೇಳಲೇಬೇಕು. ತೆರೆಯ ತುಂಬ ಕಿಟಕಿಗಳು, ಗುಂಡಿಗಳು, ಸ್ಟುಡಿಯೊ ಪರಿಭಾಷೆಯ ಹೆಸರುಗಳು ಕಿಕ್ಕಿರಿದಿವೆ. ಹೊಸಬರು ಮೊದಲ ವಾರದಲ್ಲಿ ಕೈಬಿಡುವ ಸಂಭವ ಹೆಚ್ಚು. ಚಿತ್ರವನ್ನು ಬಿಡಿಯಾಗಿ ತೆರೆಯುವುದಕ್ಕೂ ದೃಶ್ಯಕ್ಕೆ ಸೇರಿಸುವುದಕ್ಕೂ ವ್ಯತ್ಯಾಸವಿದೆ, ಪ್ರಾಜೆಕ್ಟಿನ ಕಡತಕೋಶಗಳಿಗೆ ನಿಗದಿತ ಕ್ರಮವಿದೆ. ಇವೆರಡನ್ನು ಅರಿಯದೆ ಮುಂದುವರಿದರೆ ಕಡತಗಳು ಎಲ್ಲಿ ಹೋದವೆಂದು ಹುಡುಕಬೇಕಾಗುತ್ತದೆ. ಎಂಪಿ4 ಕಡತವಾಗಿ ಹೊರತೆಗೆಯಲು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ತಂತ್ರಾಂಶದ ನೆರವು ಬೇಕಾಗುತ್ತದೆ. ಈ ಗೋಜಲು ಬೇಡವೆನ್ನುವವರು ಇದರಿಂದಲೇ ಕವಲೊಡೆದ, ಬಳಕೆಯನ್ನು ಸರಳಗೊಳಿಸಲು ಯತ್ನಿಸಿರುವ ತಹೋಮಾ2ಡಿಯನ್ನು ನೋಡಬಹುದು.

ಇನ್ನೊಂದು ಮಿತಿ ಕಲೆಗೆ ಸಂಬಂಧಿಸಿದ್ದು. ಕ್ಲೀನಪ್ ಗೆರೆಯ ದಪ್ಪ–ತೆಳುವನ್ನೂ ಅಂಚಿನ ಮೃದುತ್ವವನ್ನೂ ಉಳಿಸುತ್ತದೆಯೇ ಹೊರತು ಗ್ರಾಫೈಟಿನ ತರಿತರಿಯನ್ನಲ್ಲ. ಆ ತರಿಯೇ ಬೇಕೆನ್ನುವವರು ಗೆರೆಯ ಸಂಸ್ಕರಣೆಯನ್ನು ಬಿಟ್ಟು, ಸ್ಕ್ಯಾನನ್ನು ಸಾಮಾನ್ಯ ರಾಸ್ಟರ್ (ಪಿಕ್ಸೆಲ್‌ಗಳ) ಚಿತ್ರವಾಗಿಯೇ ಬಳಸಬೇಕು; ಆಗ ಪ್ಯಾಲೆಟ್ಟಿನ ಅನುಕೂಲಗಳು ಕೈತಪ್ಪುತ್ತವೆ. ಗೆರೆಯನ್ನು ವೆಕ್ಟರಿಗೆ, ಅಂದರೆ ಪಿಕ್ಸೆಲ್‌ಗಳ ಬದಲು ಗಣಿತದ ವಕ್ರರೇಖೆಗಳಿಗೆ, ಬದಲಾಯಿಸುವ ಸೌಲಭ್ಯವೂ ಇದೆ, ಆದರೆ ಪೆನ್ಸಿಲ್ ಚಿತ್ರಗಳಿಗೆ ಅದನ್ನು ನಾನು ಸೂಚಿಸಲಾರೆ. ಮುದುಕಿಯ ಕೈಯ ನಡುಕಕ್ಕೆಂದೇ ಎಳೆದಿದ್ದ ಒರಟು ಗೆರೆಗಳು ಅಲ್ಲಿ ತಂತಿಯಂತೆ ನುಣುಪಾದವು.

ಕಾಗದದ ಮೇಲೆ ಬರೆಯುವುದನ್ನು ಬಿಡಲು ಮನಸ್ಸಿಲ್ಲದವರಿಗೆ, ಹತ್ತಾರು ಹಾಳೆಗಳನ್ನು ತಾಳ್ಮೆಯಿಂದ ಸ್ಕ್ಯಾನ್ ಮಾಡಬಲ್ಲವರಿಗೆ, ಈ ತಂತ್ರಾಂಶವನ್ನು ಯಾವ ಹಿಂಜರಿಕೆಯೂ ಇಲ್ಲದೆ ಸೂಚಿಸುತ್ತೇನೆ. ನೇರವಾಗಿ ಪರದೆಯ ಮೇಲೆ ಬರೆಯುವವರಿಗೆ ಇದರ ಮುಖ್ಯ ಗುಣಗಳು ಹೆಚ್ಚು ಒದಗುವುದಿಲ್ಲ. ಮೊದಲ ಪ್ರಯತ್ನಕ್ಕೆ ರಂಧ್ರಗಳಿರುವ 12 ಹಾಳೆಗಳು ಸಾಕು. ಎರಡೆರಡು ಫ್ರೇಮಿನಂತೆ ಅದು ಸರಿಯಾಗಿ ಒಂದು ಸೆಕೆಂಡಾಗುತ್ತದೆ, ಸ್ಕ್ಯಾನಿನಿಂದ ಬಣ್ಣದವರೆಗಿನ ಎಲ್ಲ ಹಂತಗಳನ್ನೂ ಅಷ್ಟರಲ್ಲಿಯೇ ಒಮ್ಮೆ ದಾಟಿ ನೋಡಬಹುದು.